ಛತ್ರ, ಅಡುಗೆ, ಫೋಟೋ, ಡೆಕೊರೇಷನ್: ಮದುವೆ ಅಡ್ವಾನ್ಸ್ ಕೊಡೋ ಮುಂಚೆ ಚೀಟಿಯಲ್ಲಿ ಏನೇನು ಬರೆಸಬೇಕು?

ಕಾಮಾಕ್ಷಿಪಾಳ್ಯ: ಆಷಾಢ ಮುಗಿದರೆ ಸಾಕು, ಮಾಗಡಿ ರಸ್ತೆ, ಬಸವೇಶ್ವರನಗರ, ವಿಜಯನಗರ, ರಾಜಾಜಿನಗರದಿಂದ ಹಿಡಿದು ಕೆಂಗೇರಿವರೆಗೂ ಛತ್ರ ಹುಡುಕೋರ ಓಡಾಟ ಶುರುವಾಗುತ್ತೆ. ಒಳ್ಳೆ ಮುಹೂರ್ತದ ದಿನ ಕೈತಪ್ಪಿ ಹೋಗುತ್ತೆ ಅನ್ನೋ ಆತುರದಲ್ಲಿ ಮನೆಯವರು ಮೊದಲು ದುಡ್ಡು ಕೊಡ್ತಾರೆ, ಮಾತುಕತೆ ಆಮೇಲೆ. ಕೈಗೆ ಸಿಗೋದು ಒಂದು ಸಣ್ಣ ರಸೀದಿ. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಒಂದು ಸಾಲು: "ಮುಂಗಡ ಹಣ ಹಿಂತಿರುಗಿಸಲಾಗುವುದಿಲ್ಲ."

ಮದುವೆ ಮುಂದಕ್ಕೆ ಹೋದರೆ, ನಿಂತುಹೋದರೆ ಜಗಳ ಶುರುವಾಗೋದೇ ಆ ಸಾಲಿಂದ. ಹಾಗೆ ಪ್ರಿಂಟ್ ಆಗಿದ್ದರೆ ಕಥೆ ಮುಗೀತು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಕಾನೂನು ಹಾಗೆ ಹೇಳಲ್ಲ. ಆದರೆ ಕಾನೂನು ನಮ್ಮ ಕಡೆ ಇದೆ ಅಂತ ತಿಂಗಳುಗಟ್ಟಲೆ ಅಲೆಯೋದಕ್ಕಿಂತ, ಅಡ್ವಾನ್ಸ್ ಕೊಡೋ ದಿನ ಹತ್ತು ನಿಮಿಷ ಕೂತು ಬರೆಸ್ಕೊಳ್ಳೋದು ಎಷ್ಟೋ ಸುಲಭ.

ಈ ಮಾಹಿತಿ ಮದುವೆ ಮನೆಯವರಿಗೆ ಎಷ್ಟು ಬೇಕೋ, ನಮ್ಮ ಏರಿಯಾದ ಶಾಮಿಯಾನ ಅಂಗಡಿ, ಫೋಟೋ ಸ್ಟುಡಿಯೋ, ಹೂವಿನ ಅಂಗಡಿ, ಅಡುಗೆ ಕಂಟ್ರಾಕ್ಟರ್‌ಗಳಿಗೂ ಅಷ್ಟೇ ಬೇಕು. ಬಾಕಿ ವಸೂಲಿ ಆಗದೆ ಕೂತಿರೋರು ಅವರಲ್ಲೂ ಇದ್ದಾರೆ.

ಬಾಯಿಮಾತು ನಡೆಯುತ್ತಾ?

ನಡೆಯುತ್ತೆ. 1872ರ ಭಾರತೀಯ ಕರಾರು ಕಾಯ್ದೆ ಪ್ರಕಾರ ಕರಾರು ಕಾಗದದಲ್ಲೇ ಇರಬೇಕು ಅಂತ ಇಲ್ಲ. ಒಬ್ಬರು ಹೇಳಿ, ಇನ್ನೊಬ್ಬರು ಒಪ್ಪಿ, ದುಡ್ಡಿನ ಮಾತಾದರೆ ಅದೂ ಕರಾರೇ. ತೊಂದರೆ ಏನಪ್ಪಾ ಅಂದ್ರೆ, ನಾಳೆ ಅದನ್ನ ಸಾಬೀತು ಮಾಡೋದು ಹೇಗೆ? "ನೋಡ್ಕೊಳ್ಳೋಣ ಬಿಡಿ ಯಜಮಾನ್ರೇ, ನಮ್ಮೋರೇ ಅಲ್ವಾ" ಅಂದಿದ್ದಕ್ಕೆ ಸಾಕ್ಷಿ ಯಾರು?

ದೊಡ್ಡ ಅಗ್ರಿಮೆಂಟ್ ಬರೆಸೋಕೆ ಮುಜುಗರ ಆದರೆ ವಾಟ್ಸಾಪ್ ಇದೆ. ಮಾತುಕತೆ ಮುಗಿಸಿ ಮನೆಗೆ ಬಂದ ಮೇಲೆ ಒಂದು ಮೆಸೇಜ್ ಹಾಕಿ: "ಇವತ್ತು ಮಾತಾಡಿದ್ದು ಇಷ್ಟು. ದಿನಾಂಕ ಇದು, ರೇಟ್ ಇದು, ಅಡ್ವಾನ್ಸ್ ಇಷ್ಟು ಕೊಟ್ಟಿದ್ದೀವಿ. ಸರಿ ಇದ್ರೆ ಓಕೆ ಅಂತ ಹಾಕಿ." ಆ ಕಡೆಯಿಂದ ಓಕೆ ಬಂದರೆ ನಿಮ್ಮ ಹತ್ತಿರ ದಾಖಲೆ ಇದ್ದ ಹಾಗೆ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಎಲೆಕ್ಟ್ರಾನಿಕ್ ದಾಖಲೆಗೂ ಬೆಲೆ ಇದೆ. ಕೋರ್ಟಿಗೆ ಕೊಡುವಾಗ ಅದರ ಜೊತೆ ಒಂದು ಪ್ರಮಾಣಪತ್ರ ಬೇಕಾಗುತ್ತೆ. ಹಾಗಾಗಿ ಬರೀ ಸ್ಕ್ರೀನ್‌ಶಾಟ್ ನಂಬ್ಕೊಂಡು ಚಾಟ್ ಡಿಲೀಟ್ ಮಾಡಬೇಡಿ, ಫೋನ್ ಬದಲಾಯಿಸಿದರೆ ಬ್ಯಾಕಪ್ ಇಟ್ಕೊಳ್ಳಿ.

ಇನ್ನೊಂದು ವಿಷಯ. ರಸೀದಿ ಯಾರ ಹೆಸರಲ್ಲಿದೆ ನೋಡಿ. ಛತ್ರ ಬುಕ್ ಮಾಡಿದ್ದು ಸೋದರಮಾವ, ದುಡ್ಡು ಹೋಗಿದ್ದು ಹುಡುಗಿ ಅಪ್ಪನ ಖಾತೆಯಿಂದ, ರಸೀದಿಯಲ್ಲಿ ಬ್ರೋಕರ್ ಹೆಸರು: ಹೀಗಾದರೆ ವಾಪಸ್ ಕೇಳುವಾಗ ನೀವು ಯಾರು ಅನ್ನೋ ಪ್ರಶ್ನೆ ಬರುತ್ತೆ. ದುಡ್ಡು ಕೊಡೋರ ಹೆಸರಲ್ಲೇ ರಸೀದಿ ಇರಲಿ.

ಛತ್ರ: ಬಾಡಿಗೆಗಿಂತ ಬಾಡಿಗೆ ಹೊರಗಿನ ಖರ್ಚು ನೋಡಿ

ಛತ್ರದವರು ಹೇಳೋ ಬಾಡಿಗೆ ಒಂದು, ಮದುವೆ ಮುಗಿದ ಮೇಲೆ ಕಟ್ಟೋ ಬಿಲ್ ಇನ್ನೊಂದು. ಮಧ್ಯದ ವ್ಯತ್ಯಾಸ ಇಲ್ಲಿರುತ್ತೆ:

• ಸಮಯ: "ಒಂದು ದಿನ" ಅಂದ್ರೆ ಎಷ್ಟು ಗಂಟೆಯಿಂದ ಎಷ್ಟು ಗಂಟೆ? ನಮ್ಮ ಕಡೆ ಹಿಂದಿನ ದಿನ ಮಧ್ಯಾಹ್ನ ಬೀಗ ತೆಗೆದು ಮಾರನೇ ದಿನ ಮಧ್ಯಾಹ್ನ ಖಾಲಿ ಮಾಡಿಸೋದು ರೂಢಿ. ಬೀಗದ ಸಮಯ ಎರಡೂ ಬರೆಸಿ. ಹೊತ್ತು ಮೀರಿದರೆ ಗಂಟೆಗೆ ಎಷ್ಟು ಅನ್ನೋದನ್ನೂ ಬರೆಸಿ.
• ಕರೆಂಟು: ಬಾಡಿಗೆಯಲ್ಲೇ ಸೇರಿದೆಯಾ, ಯೂನಿಟ್ ಲೆಕ್ಕವಾ? ಯೂನಿಟ್ ಆದರೆ ಬೀಗ ತೆಗೆಯುವಾಗ, ಖಾಲಿ ಮಾಡುವಾಗ ಮೀಟರ್ ಫೋಟೋ ತೆಗೆದಿಡಿ.
• ಜನರೇಟರ್: ಡೀಸೆಲ್ ಯಾರದು? ಎಸಿ ಜನರೇಟರಲ್ಲಿ ಓಡುತ್ತಾ, ಬರೀ ಲೈಟ್ ಮಾತ್ರವಾ?
• ನೀರು, ಕ್ಲೀನಿಂಗ್, ಕಸ: ಮೂರಕ್ಕೂ ಬೇರೆ ಬೇರೆ ಚಾರ್ಜ್ ಹಾಕೋರು ಇದ್ದಾರೆ. ಒಟ್ಟು ಎಷ್ಟು ಅಂತ ಮೊದಲೇ ಕೇಳಿ.
• ರೂಮುಗಳು: ಎಷ್ಟು ರೂಮು, ಯಾವ ಮಹಡಿ. ಅಜ್ಜ ಅಜ್ಜಿ ಇದ್ದರೆ ಲಿಫ್ಟ್ ಓಡುತ್ತಾ ಅಂತ ಹೋಗಿ ನೋಡಿ ಬನ್ನಿ.
• ಹೊರಗಿನವರಿಗೆ ಪ್ರವೇಶ: "ಅಡುಗೆ, ಡೆಕೊರೇಷನ್ ನಮ್ಮವರದ್ದೇ ಆಗಬೇಕು" ಅನ್ನೋ ಷರತ್ತು ಇದೆಯಾ? ನಿಮ್ಮವರನ್ನ ಕರೆಸಿದರೆ ಎಷ್ಟು ಕಟ್ಟಬೇಕು? ಅಡ್ವಾನ್ಸ್ ಕೊಟ್ಟ ಮೇಲೆ ಇದು ಗೊತ್ತಾದರೆ ಕೈಕಟ್ಟಿ ಹಾಕಿದ ಹಾಗೆ.
• ಡ್ಯಾಮೇಜ್ ಡೆಪಾಸಿಟ್: ಎಷ್ಟು, ಯಾವಾಗ ವಾಪಸ್. ಬೀಗ ತಗೊಳ್ಳೋ ಹೊತ್ತಲ್ಲೇ ಗೋಡೆ, ಗಾಜು, ಕುರ್ಚಿ, ಬಾತ್‌ರೂಮು ವಿಡಿಯೋ ಮಾಡಿಟ್ಟುಕೊಳ್ಳಿ.

ಕೊನೆಯದಾಗಿ, ನೀವು ದುಡ್ಡು ಕೊಡ್ತಿರೋ ವ್ಯಕ್ತಿ ಛತ್ರದ ಮಾಲೀಕನಾ, ಮ್ಯಾನೇಜರಾ, ಮಧ್ಯದ ಬ್ರೋಕರಾ? ಛತ್ರದ ಹೆಸರಿನ ಖಾತೆಗೇ ಹಾಕಿ. ಬುಕಿಂಗ್ ಪುಸ್ತಕದಲ್ಲಿ ನಿಮ್ಮ ದಿನಾಂಕದ ಎದುರು ನಿಮ್ಮ ಹೆಸರು ಬರೆದಿರೋದನ್ನ ಕಣ್ಣಾರೆ ನೋಡಿ ಬನ್ನಿ.

ಅಡುಗೆ: ಜಗಳ ಬರೋದು ಎಲೆ ಲೆಕ್ಕದಲ್ಲಿ

ಅಡುಗೆಯಲ್ಲಿ ಎರಡು ಪದ್ಧತಿ. ಸಾಮಾನು ನಿಮ್ಮದು, ಕೂಲಿ ಅವರದು ಅನ್ನೋದು ಒಂದು. ಎಲೆಗೆ ಇಷ್ಟು ಅಂತ ಪೂರ್ತಿ ಅವರಿಗೇ ಬಿಡೋದು ಇನ್ನೊಂದು. ಮೊದಲನೆಯದರಲ್ಲಿ ಸಾಮಾನಿನ ಪಟ್ಟಿ, ಎಷ್ಟು ಜನ ಅಡುಗೆಯವರು, ಬಡಿಸೋರು ಎಷ್ಟು ಜನ, ಪಾತ್ರೆ ಬಾಡಿಗೆ ಯಾರದು, ಗ್ಯಾಸ್ ಯಾರದು, ಉಳಿದ ಸಾಮಾನು ಯಾರಿಗೆ ಅನ್ನೋದು ಬರೀಬೇಕು.

ಎರಡನೆಯದರಲ್ಲಿ ಜಗಳ ಪೂರ್ತಿ ಲೆಕ್ಕದ್ದು. 500 ಜನ ಅಂತ ಹೇಳಿದ್ರಿ, 420 ಬಂದ್ರು: ಕೊಡೋದು 500ಕ್ಕಾ, 420ಕ್ಕಾ? 580 ಬಂದ್ರು: ಹೆಚ್ಚಿನ ಎಲೆಗೆ ಅದೇ ರೇಟಾ, ಊಟ ಸಾಕಾಗುತ್ತಾ? ಕಂಟ್ರಾಕ್ಟರ್ ಕಡೆಯಿಂದ ನೋಡಿದರೆ ಅವರು 500 ಜನಕ್ಕೆ ತರಕಾರಿ ಹೆಚ್ಚಾಗಿರುತ್ತೆ, ಕೂಲಿ ಹೇಳಿರುತ್ತೆ. ಅವರ ಮಾತಲ್ಲೂ ನ್ಯಾಯ ಇದೆ. ಹಾಗಾಗಿ ನಾಲ್ಕು ವಿಷಯ ಬರೆಸಿ: ಕನಿಷ್ಠ ಎಷ್ಟು ಎಲೆಗೆ ಗ್ಯಾರಂಟಿ, ಕೊನೆ ಸಂಖ್ಯೆ ಹೇಳೋಕೆ ಎಷ್ಟು ದಿನ ಮುಂಚೆ ಗಡುವು, ಹೆಚ್ಚಾದರೆ ಎಷ್ಟರವರೆಗೆ ಬಡಿಸ್ತಾರೆ, ಹೆಚ್ಚಿನ ಎಲೆಗೆ ರೇಟ್ ಎಷ್ಟು.

ಎಣಿಸೋದು ಹೇಗೆ ಅನ್ನೋದೂ ಇರಲಿ. ಎಲೆ ಹಾಕಿದ ಲೆಕ್ಕವಾ, ಬಫೆ ಆದರೆ ತಟ್ಟೆ ಲೆಕ್ಕವಾ? ಚಿಕ್ಕ ಮಕ್ಕಳು, ಡ್ರೈವರ್‌ಗಳು, ಓಲಗದವರು, ಫೋಟೋದವರು, ಅಡುಗೆಯವರದ್ದೇ ಊಟ ಲೆಕ್ಕಕ್ಕೆ ಬರುತ್ತಾ? ಪ್ರತಿ ಪಂಕ್ತಿಗೂ ಎರಡೂ ಕಡೆಯಿಂದ ಒಬ್ಬೊಬ್ಬರು ನಿಂತು ಎಣಿಸಿ ಸಹಿ ಹಾಕಿದರೆ ಕೊನೆಗೆ ಗಲಾಟೆನೇ ಇರಲ್ಲ. ಈ ಕೆಲಸಕ್ಕೆ ಲೆಕ್ಕ ಗೊತ್ತಿರೋ ಒಬ್ಬ ಚಿಕ್ಕಪ್ಪನನ್ನ ಮೊದಲೇ ಗೊತ್ತು ಮಾಡಿ.

ಮೆನು ಬರೆಸುವಾಗ "ಎರಡು ಸ್ವೀಟ್" ಅಂತ ಬಿಡಬೇಡಿ. ಹೋಳಿಗೆನಾ, ಚಿರೋಟಿನಾ, ಪಾಯಸ ಯಾವುದು, ಅಕ್ಕಿ ಯಾವುದು, ಎಣ್ಣೆ ತುಪ್ಪ ಯಾವ ಬ್ರ್ಯಾಂಡು, ನೀರಿನ ಬಾಟಲಿ ಸೇರಿದೆಯಾ, ಎಲ್ಲ ಇರಲಿ. ರಾತ್ರಿ ರಿಸೆಪ್ಷನ್ ಊಟ, ಬೆಳಗ್ಗೆ ತಿಂಡಿ, ಧಾರೆ ದಿನದ ಊಟ ಮೂರಕ್ಕೂ ಬೇರೆ ಬೇರೆ ಸಂಖ್ಯೆ, ಬೇರೆ ಬೇರೆ ರೇಟ್. ಬೀಗರೂಟ ಇದ್ದರೆ ಅದಕ್ಕೆ ಪ್ರತ್ಯೇಕ ಮಾತು.

ಅಡುಗೆಯವರ ಎಫ್‌ಎಸ್‌ಎಸ್‌ಎಐ ನಂಬರ್ ಕೇಳಿ, ಅದು 14 ಅಂಕಿ ಇರುತ್ತೆ. ಪ್ಲಾಸ್ಟಿಕ್ ತಟ್ಟೆ ಲೋಟ ತರಬಾರದು ಅಂತಲೂ ಹೇಳಿ. ರಾಜ್ಯದಲ್ಲಿ 2016ರಿಂದ, ದೇಶಪೂರ್ತಿ 2022ರ ಜುಲೈ 1ರಿಂದ ಅವಕ್ಕೆ ನಿಷೇಧ ಇದೆ. ದಂಡ ಬಿದ್ದರೆ ಯಾರು ಕಟ್ಟಬೇಕು ಅನ್ನೋದೂ ಕರಾರಿನಲ್ಲಿ ಒಂದು ಸಾಲು ಇರಲಿ.

ಫೋಟೋ, ವಿಡಿಯೋ: ಫೋಟೋ ಯಾರ ಸೊತ್ತು?

ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋಗೆ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ರೀತಿ ಕರಾರು ಆಗಿರದಿದ್ದರೆ. ಆ "ಬೇರೆ ಕರಾರು" ಬಹಳ ಸಲ ಸ್ಟುಡಿಯೋ ರಸೀದಿ ಹಿಂದೆ ಪ್ರಿಂಟ್ ಆಗಿರುತ್ತೆ. ಓದಿ ಸಹಿ ಹಾಕಿ. ಮದುಮಗಳ ಫೋಟೋ ಸ್ಟುಡಿಯೋದವರ ಇನ್‌ಸ್ಟಾಗ್ರಾಂಗೆ ಹೋಗಬೇಕಾ ಬೇಡವಾ ಅನ್ನೋದನ್ನ ಮನೆಯವರು ಮೊದಲೇ ತೀರ್ಮಾನ ಮಾಡಿ ಬರೆಸಲಿ.

ಉಳಿದದ್ದು: ಎಷ್ಟು ಜನ ಬರ್ತಾರೆ, ಯಾರು ಬರ್ತಾರೆ, ಯಾವ ಯಾವ ಶಾಸ್ತ್ರಕ್ಕೆ, ಆಲ್ಬಂ ಎಷ್ಟು ಶೀಟು, ಎಡಿಟ್ ಮಾಡದ ಎಲ್ಲ ಫೈಲ್ ಕೊಡ್ತಾರಾ, ಹಾರ್ಡ್‌ಡಿಸ್ಕ್ ಯಾರದು, ಆಲ್ಬಂ ಕೈಗೆ ಯಾವ ತಾರೀಖಿಗೆ. ದುಡ್ಡನ್ನ ಮೂರು ಕಂತು ಮಾಡಿ: ಬುಕಿಂಗ್‌ಗೆ, ಮದುವೆ ದಿನ, ಆಲ್ಬಂ ಕೈಗೆ ಬಂದಾಗ. ಪೂರ್ತಿ ದುಡ್ಡು ಕೊಟ್ಟ ಮೇಲೆ ಆಲ್ಬಂ ತಡ ಆಯ್ತು ಅಂತ ದೂರೋ ಹಾಗಿಲ್ಲ. ಹಾಗೆಯೇ ಫೋಟೋ ಸೆಲೆಕ್ಟ್ ಮಾಡಿ ಕೊಡದೆ ಆರು ತಿಂಗಳು ಕೂತು ಸ್ಟುಡಿಯೋದವರನ್ನ ಬೈಯೋದೂ ಸರಿಯಲ್ಲ. ಸೆಲೆಕ್ಷನ್ ಕೊಟ್ಟ ದಿನದಿಂದ ಇಷ್ಟು ದಿನ ಅಂತ ಬರೆದರೆ ಇಬ್ಬರಿಗೂ ಒಳ್ಳೇದು.

ಡೆಕೊರೇಷನ್, ಓಲಗ, ಮೇಕಪ್, ಡಿಜೆ

ಡೆಕೊರೇಷನ್‌ಗೆ ಮೊಬೈಲಲ್ಲಿ ತೋರಿಸಿದ ಫೋಟೋನ ವಾಟ್ಸಾಪ್‌ಗೆ ಹಾಕಿಸ್ಕೊಳ್ಳಿ. ಹೂವು ನಿಜದ್ದಾ, ಬಟ್ಟೆ ಹೂವಾ, ಎಷ್ಟು ಭಾಗ ಯಾವುದು ಅಂತ ಕೇಳಿ. ಹಬ್ಬದ ವಾರ ಹೂವಿನ ರೇಟ್ ಏರಿದರೆ ಹೆಚ್ಚಿನ ದುಡ್ಡು ಕೇಳ್ತಾರಾ ಅಂತಲೂ ಕೇಳಿ. ಮೇಕಪ್‌ನವರಲ್ಲಿ ಟ್ರಯಲ್ ಮಾಡಿದವರೇ ಮದುವೆ ದಿನವೂ ಬರ್ತಾರಾ, ಅಸಿಸ್ಟೆಂಟ್ ಬರ್ತಾರಾ ಅನ್ನೋದು ಮುಖ್ಯ. ಓಲಗದವರಿಗೆ ಎಷ್ಟು ಜನ, ಎಷ್ಟು ಹೊತ್ತು, ರಾತ್ರಿ ಉಳಿಯೋಕೆ ವ್ಯವಸ್ಥೆ ಯಾರದು ಅನ್ನೋದು ಇತ್ಯರ್ಥ ಆಗಿರಲಿ.

ಡಿಜೆ ಬಗ್ಗೆ ಎರಡು ಮಾತು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಹೇಳೋದು ಅದನ್ನೇ. "ರಾತ್ರಿ 12ರವರೆಗೆ ಪ್ಯಾಕೇಜ್" ಅಂತ ದುಡ್ಡು ಕೊಟ್ಟರೆ ಎರಡು ಗಂಟೆ ದುಡ್ಡು ದಂಡ. ಇನ್ನು ಹಾಡು ಹಾಕೋಕೆ ಮ್ಯೂಸಿಕ್ ಲೈಸೆನ್ಸ್ ಫೀಸು ಅಂತ ಯಾರಾದರೂ ಕೇಳಿದರೆ, ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಮದುವೆ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಸಮಾರಂಭಗಳಿಗೆ ವಿನಾಯಿತಿ ಇದೆ ಅಂತ ಹೇಳಿ. ಕೇಂದ್ರ ಸರ್ಕಾರ 2023ರ ಜುಲೈನಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಇದನ್ನ ಇನ್ನೊಮ್ಮೆ ಸ್ಪಷ್ಟ ಮಾಡಿದೆ.

ಜಿಎಸ್‌ಟಿ, ಬಿಲ್, ಕ್ಯಾಶ್

"ಬಿಲ್ ಬೇಡ ಅಂದ್ರೆ ಕಡಿಮೆ ಮಾಡ್ತೀವಿ" ಅನ್ನೋ ಮಾತಿಗೆ ಬಿದ್ದರೆ ನಾಳೆ ದೂರು ಕೊಡೋಕೆ ಕೈಯಲ್ಲಿ ಏನೂ ಇರಲ್ಲ. ಬಿಲ್ ಕೊಡದೇ ಇರೋದು ಗ್ರಾಹಕ ಕಾನೂನಿನಲ್ಲಿ ಅನುಚಿತ ವ್ಯಾಪಾರ ಪದ್ಧತಿ.

ಜಿಎಸ್‌ಟಿ ನೋಂದಣಿ ಇರೋ ಛತ್ರದ ಬಾಡಿಗೆಗೆ ಶೇ. 18 ತೆರಿಗೆ. ಅಂದ್ರೆ ಒಂದು ಲಕ್ಷದ ಬಾಡಿಗೆ 1,18,000 ರೂ. ಆಗುತ್ತೆ. ದೊಡ್ಡ ಹೋಟೆಲ್ ಬಿಟ್ಟು ಬೇರೆ ಕಡೆ ಹೊರಗಿನ ಅಡುಗೆಯವರ ಊಟಕ್ಕೆ ಶೇ. 5. ಹೇಳಿದ ರೇಟಲ್ಲಿ ತೆರಿಗೆ ಸೇರಿದೆಯಾ ಇಲ್ವಾ ಅಂತ ಮೊದಲೇ ಕೇಳಿ. ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರೋ ಸಣ್ಣವರಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯ ಅಲ್ಲ. ನೋಂದಣಿ ಇಲ್ಲದವರು, ಕಾಂಪೊಸಿಷನ್ ಸ್ಕೀಮಲ್ಲಿ ಇರೋರು ಬಿಲ್ಲಿನಲ್ಲಿ ತೆರಿಗೆ ಅಂತ ಬೇರೆ ವಸೂಲಿ ಮಾಡೋ ಹಾಗಿಲ್ಲ. ದೇವಸ್ಥಾನದ ನೋಂದಾಯಿತ ಟ್ರಸ್ಟ್ ತನ್ನ ಆವರಣದ ಕಲ್ಯಾಣ ಮಂಟಪವನ್ನ ಸಾರ್ವಜನಿಕರಿಗೆ ಕೊಡೋದಾದರೆ, ದಿನದ ಬಾಡಿಗೆ 10,000 ರೂ. ಒಳಗಿದ್ದಾಗ ತೆರಿಗೆ ಇಲ್ಲ.

ಅಂಗಡಿಯವರು ಗಮನಿಸಬೇಕಾದ್ದು: ಒಂದೇ ಸಮಾರಂಭಕ್ಕೆ ಒಬ್ಬರಿಂದ 2 ಲಕ್ಷ ರೂ. ಅಥವಾ ಹೆಚ್ಚು ಕ್ಯಾಶ್ ತಗೊಳ್ಳೋದನ್ನ ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್‌ನಿಂದ ನಿಷೇಧಿಸಿದೆ. ನಾಲ್ಕು ಕಂತಲ್ಲಿ ತಗೊಂಡರೂ ಮದುವೆ ಒಂದೇ, ಲೆಕ್ಕವೂ ಒಂದೇ. ದಂಡ ಬೀಳೋದು ತಗೊಂಡವರಿಗೆ, ಅದೂ ತಗೊಂಡಷ್ಟೇ ಮೊತ್ತ.

ಮದುವೆ ನಿಂತರೆ, ಮುಂದಕ್ಕೆ ಹೋದರೆ ಅಡ್ವಾನ್ಸ್ ಗತಿ?

ಇಲ್ಲಿ ಮೂರು ಸಂದರ್ಭ ಬಿಡಿಸಿ ನೋಡಬೇಕು.

ಒಂದು, ಛತ್ರದವರೋ ಅಡುಗೆಯವರೋ ಕೈಕೊಟ್ಟರೆ. ಅಡ್ವಾನ್ಸ್ ಪೂರ್ತಿ ವಾಪಸ್ ಕೇಳಬಹುದು. ಅದರ ಜೊತೆ, ಕೊನೆ ಗಳಿಗೆಯಲ್ಲಿ ಬೇರೆಯವರನ್ನ ಹೆಚ್ಚು ದುಡ್ಡಿಗೆ ಗೊತ್ತು ಮಾಡಿದ್ದರೆ ಆ ವ್ಯತ್ಯಾಸವನ್ನೂ ಕರಾರು ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ ಕೇಳಬಹುದು. ಅದಕ್ಕೆ ಬಿಲ್ ಬೇಕು.

ಎರಡು, ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ಮದುವೆ ನಡೆಸೋದೇ ಅಸಾಧ್ಯ ಆದರೆ. ಕೊರೊನಾ ಕಾಲ ಎಲ್ಲರಿಗೂ ನೆನಪಿದೆ. 2020ರ ಮಾರ್ಚ್ 13ರಂದು ರಾಜ್ಯ ಸರ್ಕಾರ ದೊಡ್ಡ ಮದುವೆಗಳಿಗೆ ತಡೆ ಹಾಕಿತು, ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್, ಆಮೇಲೆ ಮದುವೆಗೆ 50 ಜನದ ಮಿತಿ. ಇಂಥ ಕಡೆ 56ನೇ ಸೆಕ್ಷನ್ ಬರುತ್ತೆ: ಮಾಡೋಕೆ ಅಸಾಧ್ಯ ಆದ ಕರಾರು ರದ್ದಾಗುತ್ತೆ. ರದ್ದಾದ ಕರಾರಿನಲ್ಲಿ ತಗೊಂಡ ಲಾಭವನ್ನ ಹಿಂತಿರುಗಿಸಬೇಕು ಅಂತ 65ನೇ ಸೆಕ್ಷನ್ ಹೇಳುತ್ತೆ. ಆದರೆ ಖರ್ಚು ಹೆಚ್ಚಾಯ್ತು, ಮಳೆ ಬಂತು ಅನ್ನೋದೆಲ್ಲ ಅಸಾಧ್ಯ ಅನ್ನಿಸ್ಕೊಳ್ಳಲ್ಲ.

ಮೂರು, ಮನೆಯವರ ಕಡೆಯಿಂದಲೇ ನಿಂತರೆ. ಸಂಬಂಧ ಮುರೀಬಹುದು, ಸೂತಕ ಬರಬಹುದು. "ಅಡ್ವಾನ್ಸ್ ವಾಪಸ್ ಇಲ್ಲ" ಅನ್ನೋ ಸಾಲು ಕೆಲಸ ಮಾಡೋದು ಇಲ್ಲೇ. 74ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಎಷ್ಟೇ ದೊಡ್ಡ ಮೊತ್ತ ಬರೆದಿರಲಿ, ಸಿಗೋದು ಅದರೊಳಗಿನ ನ್ಯಾಯವಾದ ಪರಿಹಾರ ಮಾತ್ರ. ನಷ್ಟವೇ ಆಗದಿದ್ದರೆ ಪರಿಹಾರವೂ ಇಲ್ಲ ಅನ್ನೋ ಅರ್ಥದಲ್ಲಿ ಸುಪ್ರೀಂ ಕೋರ್ಟ್ 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಅದು ನಿವೇಶನ ಹರಾಜಿನ ವ್ಯಾಜ್ಯ, ಆದರೆ ತತ್ವ ಕರಾರುಗಳಿಗೆಲ್ಲ ಅನ್ವಯ.

ಉದಾಹರಣೆಗೆ, ಛತ್ರದ ಬಾಡಿಗೆ ಒಂದೂವರೆ ಲಕ್ಷ, ಅಡ್ವಾನ್ಸ್ 75,000 ರೂ. ಐದು ತಿಂಗಳು ಮುಂಚೆ ರದ್ದು ಮಾಡಿದ್ರಿ, ಅದೇ ದಿನಕ್ಕೆ ಬೇರೆ ಮದುವೆ ಬುಕ್ ಆಯ್ತು. ಛತ್ರದವರಿಗೆ ಆದ ನಷ್ಟ ಬಹಳ ಕಡಿಮೆ, 75,000 ಪೂರ್ತಿ ಇಟ್ಟುಕೊಳ್ಳೋದು ಕಷ್ಟ. ಅದೇ ನಾಲ್ಕು ದಿನ ಮುಂಚೆ ರದ್ದು ಮಾಡಿ ಛತ್ರ ಖಾಲಿ ಬಿದ್ದರೆ, ಅಡ್ವಾನ್ಸ್ ಪೂರ್ತಿ ಹೋದರೂ ಆಶ್ಚರ್ಯ ಇಲ್ಲ. ಹಾಗಾಗಿ ಎರಡು ಕೆಲಸ ಮಾಡಿ. ರದ್ದು ಅಂತ ತೀರ್ಮಾನ ಆದ ದಿನವೇ ಬರಹದಲ್ಲಿ ತಿಳಿಸಿ. ನಿಮ್ಮ ಮುಹೂರ್ತದ ದಿನ ಆ ಛತ್ರದಲ್ಲಿ ಬೇರೆ ಮದುವೆ ನಡೀತಾ ಅಂತ ಹೋಗಿ ನೋಡಿ, ಬಾಗಿಲ ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ.

ಇದಕ್ಕೆಲ್ಲ ಮೊದಲೇ ದಾರಿ ಮಾಡಬಹುದು: ಎಷ್ಟು ದಿನ ಮುಂಚೆ ರದ್ದಾದರೆ ಎಷ್ಟು ಕಡಿತ ಅಂತ ಮೆಟ್ಟಿಲು ಮೆಟ್ಟಿಲಾಗಿ ಬರೆಸಿ. ಸೂತಕ ಬಂದರೆ ಒಂದು ಸಲ ಬೇರೆ ದಿನಾಂಕಕ್ಕೆ ಅದೇ ಅಡ್ವಾನ್ಸ್ ಅಂತಲೂ ಬರೆಸಿ. ಮೊದಲೇ ಕೇಳಿದರೆ ಒಪ್ಪೋ ಸಾಧ್ಯತೆ ಹೆಚ್ಚು, ಸೂತಕ ಬಂದ ಮೇಲೆ ಕೇಳಿದರೆ ಕಷ್ಟ.

ಅಂಗಡಿಯವರಿಗೆ ಕರಾರಿಂದ ಏನು ಲಾಭ?

"ಮದುವೆ ಮುಗಿದ ಮೇಲೆ ಫೋನ್ ಎತ್ತಲ್ಲ" ಅನ್ನೋದು ಶಾಮಿಯಾನ, ಲೈಟಿಂಗ್‌ನವರ ಹಳೇ ನೋವು. ಬಾಕಿ ವಸೂಲಿಗೆ ನೀವು ಗ್ರಾಹಕ ಆಯೋಗಕ್ಕೆ ಹೋಗೋಕೆ ಆಗಲ್ಲ, ಅದು ಗ್ರಾಹಕರಿಗೆ ಮಾತ್ರ. ಸಿವಿಲ್ ಕೋರ್ಟು ಅಥವಾ ಲೋಕ ಅದಾಲತ್ತೇ ದಾರಿ, ಸಿವಿಲ್ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಸಹಿ ಇರೋ ಕರಾರು, ಸಾಮಾನು ಇಳಿಸಿದ ಚೀಟಿ, ಕೆಲಸ ಮುಗಿದ ಫೋಟೋ ಇದ್ದರೆ ಕೇಸು ಗಟ್ಟಿ. ಇವೆಂಟ್ ಕಂಪನಿ ಕೆಳಗೆ ಕೆಲಸ ಮಾಡೋರು ಉದ್ಯಮ್ ನೋಂದಣಿ ಮಾಡಿಸಿಡಿ. ನೋಂದಣಿ ಇರೋ ಸಣ್ಣ ಘಟಕಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ ಕಾನೂನಿದೆ.

ತಕರಾರು ಬಂದರೆ ಎಲ್ಲಿಗೆ ಹೋಗಬೇಕು?

• ಮೊದಲು ಬರಹದಲ್ಲಿ ಒಂದು ನೋಟಿಸ್ ಕೊಡಿ. ಇಷ್ಟು ಹಣ, ಈ ಕಾರಣಕ್ಕೆ, 15 ದಿನದಲ್ಲಿ ವಾಪಸ್ ಬೇಕು ಅಂತ. ಸ್ಪೀಡ್ ಪೋಸ್ಟ್ ರಸೀದಿ ಇಟ್ಕೊಳ್ಳಿ.
• ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.
• ಜಿಲ್ಲಾ ಗ್ರಾಹಕ ಆಯೋಗ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರೋ ಅಥವಾ ಕೆಲಸ ಮಾಡೋ ಜಿಲ್ಲೆಯಲ್ಲೇ ದೂರು ಕೊಡಬಹುದು. ಛತ್ರ ಬೇರೆ ಊರಲ್ಲಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 50 ಲಕ್ಷದವರೆಗೆ ಜಿಲ್ಲಾ ಆಯೋಗಕ್ಕೆ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಲಾಯರ್ ಕಡ್ಡಾಯ ಅಲ್ಲ. ಗಡುವು ಎರಡು ವರ್ಷ. ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ದೂರು ಹಾಕಬಹುದು.
• ಕರಾರಿನ ಷರತ್ತೇ ಒಂದು ಕಡೆಗೆ ವಾಲಿದೆ, ಅದನ್ನೇ ಅನ್ಯಾಯದ ಕರಾರು ಅಂತ ಪ್ರಶ್ನೆ ಮಾಡ್ತೀರಾ ಅಂದ್ರೆ ಹೋಗಬೇಕಾದ್ದು ರಾಜ್ಯ ಆಯೋಗಕ್ಕೆ. ಬರೀ ಸೇವೆ ಸರಿ ಇರಲಿಲ್ಲ, ದುಡ್ಡು ವಾಪಸ್ ಬೇಕು ಅಂದ್ರೆ ಜಿಲ್ಲಾ ಆಯೋಗ ಸಾಕು.
• ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ: ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ಲೋಕ ಅದಾಲತ್‌ನಲ್ಲಿ ರಾಜಿ ಆದರೆ ಅದು ಕೋರ್ಟಿನ ಡಿಕ್ರಿಗೆ ಸಮ.
• ಪೊಲೀಸ್ ಠಾಣೆ: ಕೆಲಸ ಸರಿ ಮಾಡಲಿಲ್ಲ ಅನ್ನೋದು ಸಿವಿಲ್ ವಿಷಯ, ಠಾಣೆಯವರು ದುಡ್ಡು ವಸೂಲಿ ಮಾಡಿ ಕೊಡಲ್ಲ. ಆದರೆ ಇಲ್ಲದ ಛತ್ರ ತೋರಿಸಿ, ಒಂದೇ ದಿನಾಂಕ ಬೇಕಂತಲೇ ಇಬ್ಬರಿಗೆ ಮಾರಿ, ಮೊದಲಿಂದಲೂ ಮೋಸ ಮಾಡೋ ಉದ್ದೇಶದಿಂದಲೇ ದುಡ್ಡು ಎತ್ತಿದ್ದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್‌ನಡಿ ದೂರು ಕೊಡಬಹುದು.

ಒಂದು ಪುಟದ ಕರಾರು: ಮಾದರಿ

ಎರಡು ಪ್ರತಿ ಬರೆದು, ಇಬ್ಬರೂ ಸಹಿ ಹಾಕಿ, ಒಂದೊಂದು ಇಟ್ಕೊಳ್ಳಿ.

1. ಕೆಲಸ ಒಪ್ಪಿಕೊಂಡವರ ಹೆಸರು, ಅಂಗಡಿ ವಿಳಾಸ, ಮೊಬೈಲ್. ಮದುವೆ ಮನೆಯವರ ಹೆಸರು, ವಿಳಾಸ, ಮೊಬೈಲ್.
2. ಸಮಾರಂಭದ ದಿನಾಂಕ, ಸ್ಥಳ, ಆರಂಭ ಮತ್ತು ಮುಕ್ತಾಯದ ಸಮಯ.
3. ಒಪ್ಪಿಕೊಂಡ ಕೆಲಸದ ಪೂರ್ಣ ಪಟ್ಟಿ.
4. ಒಟ್ಟು ಮೊತ್ತ, ತೆರಿಗೆ ಸೇರಿ ಅಥವಾ ಹೊರತು. ಇದರ ಹೊರತಾಗಿ ಬೇರಾವ ಶುಲ್ಕವೂ ಇಲ್ಲ.
5. ಮುಂಗಡ ಎಷ್ಟು, ಉಳಿದ ಕಂತು ಯಾವ ದಿನ.
6. ಮನೆಯವರು ರದ್ದು ಮಾಡಿದರೆ: 90 ದಿನಕ್ಕೆ ಮುಂಚೆ ಇಷ್ಟು ಕಡಿತ, 30 ದಿನಕ್ಕೆ ಮುಂಚೆ ಇಷ್ಟು, ಅದಕ್ಕೂ ತಡವಾದರೆ ಇಷ್ಟು.
7. ಸೂತಕ ಅಥವಾ ಸರ್ಕಾರದ ನಿರ್ಬಂಧ ಬಂದರೆ ಅದೇ ಮುಂಗಡದಲ್ಲಿ ಒಂದು ಬಾರಿ ದಿನಾಂಕ ಬದಲಾವಣೆ.
8. ಕೆಲಸ ಒಪ್ಪಿಕೊಂಡವರು ತಪ್ಪಿಸಿದರೆ: ಮುಂಗಡ ಪೂರ್ತಿ ವಾಪಸ್, ಬದಲಿ ವ್ಯವಸ್ಥೆಯ ಹೆಚ್ಚುವರಿ ಖರ್ಚು ಅವರದು.
9. ಇಬ್ಬರ ಸಹಿ, ದಿನಾಂಕ, ಇಬ್ಬರು ಸಾಕ್ಷಿಗಳ ಸಹಿ.

ಪರಿಚಯದವರ ಹತ್ತಿರ ಕಾಗದ ಕೇಳೋಕೆ ಸಂಕೋಚ ಆಗೋದು ಸಹಜ. ಆದರೆ ಇಷ್ಟು ಬರೆದಿದ್ದರೆ ಮದುವೆ ಆದ ಮೇಲೂ ಛತ್ರದವರು, ಅಡುಗೆಯವರು ಬೀದಿಯಲ್ಲಿ ಸಿಕ್ಕಾಗ ಮುಖ ತಿರುಗಿಸೋ ಪ್ರಸಂಗ ಬರಲ್ಲ. ಎಂಟನೇ ಸಾಲಿಗೆ ಯಾರಾದರೂ ಸಹಿ ಹಾಕಲ್ಲ ಅಂದ್ರೆ, ಅಡ್ವಾನ್ಸ್ ಕೊಡೋ ಮುಂಚೆ ಇನ್ನೊಂದು ಕಡೆ ವಿಚಾರಿಸಿ.